ಉಸಿರಿನ ಲೆಕ್ಕ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಊರಿಗೆ ಬಂದಾಗಲೆಲ್ಲ "ನೀನು ಡಾಕ್ಟರೋ, ಕಂಪ್ಯೂಟರಿನವನೋ?" ಎಂದು ಕೇಳುತ್ತೀರಿ. ನನ್ನದು ಎರಡರ ನಡುವಿನ ಕೆಲಸ. ಬಯೋಇನ್ಫರ್ಮ್ಯಾಟಿಕ್ಸ್ ಎನ್ನುತ್ತಾರೆ. ಶ್ವಾಸಕೋಶದ ಜೀವಕೋಶಗಳಿಂದ ಸಿಗುವ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಜರಡಿ ಹಿಡಿದು, ರೋಗ ಎಲ್ಲಿ ಶುರುವಾಗುತ್ತದೆ ಎಂದು ಹುಡುಕುವುದು.

ನಮ್ಮ ದೇಹದ ಪ್ರೋಟೀನುಗಳಿಗೆ ಆಧಾರವಾದ ಜೀನ್‌ಗಳು ಸುಮಾರು 20,000. ಯಾವ ಕೋಶದಲ್ಲಿ ಯಾವ ಜೀನ್ ಕೆಲಸ ಮಾಡುತ್ತಿದೆ ಎಂಬುದೇ ಪ್ರಶ್ನೆ. ಹಿಂದೆ ಅಂಗಾಂಶದ ತುಣುಕನ್ನು ಇಡಿಯಾಗಿ ಅರೆದು ಸರಾಸರಿ ತೆಗೆಯುತ್ತಿದ್ದರು. ಹಲವು ಕಾಳು ಬೆರೆಸಿ ಗಿರಣಿಗೆ ಹಾಕಿದ ಹಾಗೆ. ಹಿಟ್ಟು ನೋಡಿ ಕಾಳು ಹೇಳುವುದು ಕಷ್ಟ. ಈಗ ಒಂದೊಂದು ಕಾಳನ್ನೂ ಬೇರೆ ಬೇರೆಯಾಗಿ ನೋಡುತ್ತೇವೆ.

ಸಿಸ್ಟಿಕ್ ಫೈಬ್ರೋಸಿಸ್ ಎಂಬ, ಶ್ವಾಸಕೋಶವನ್ನು ಕಾಡುವ ವಂಶವಾಹಿ ಕಾಯಿಲೆಯ ಜೀನ್ 1989ರಲ್ಲೇ ಸಿಕ್ಕಿತ್ತು. ಆ ಜೀನ್ ತುಂಬ ಚುರುಕಾಗಿರುವ ಅಯೋನೋಸೈಟ್ ಎಂಬ ಕೋಶ ಶ್ವಾಸನಾಳದಲ್ಲಿದೆ ಎಂದು ಗೊತ್ತಾದದ್ದು 2018ರಲ್ಲಿ. ನೂರಕ್ಕೆ ಒಂದರ ಆಸುಪಾಸಿನಲ್ಲಿರುವ ಕೋಶ ಅದು. ಸರಾಸರಿಯಲ್ಲಿ ಮುಚ್ಚಿಹೋಗಿತ್ತು.

ಕೋಶಕ್ಕೆ ಆದದ್ದು ಜನರಿಗೂ ಆಗುತ್ತದೆ. 2023ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಸೇರಿ, 486 ಜನರ 24 ಲಕ್ಷ ಕೋಶಗಳಿಂದ ಶ್ವಾಸಕೋಶದ ನಕ್ಷೆಯೊಂದನ್ನು ಪ್ರಕಟಿಸಿದರು. ದೊಡ್ಡ ಕೆಲಸವೇ. ಆದರೆ ಆ ಜನರಲ್ಲಿ ಹೆಚ್ಚಿನವರು ಯುರೋಪ್ ಮೂಲದವರು. ಸೌದೆ ಒಲೆಯ ಮುಂದೆ ಆಯುಷ್ಯವೆಲ್ಲ ಊದುಗೊಳವೆ ಹಿಡಿದ ನಮ್ಮ ತಾಯಂದಿರು ಇಂಥ ನಕ್ಷೆಗಳಲ್ಲಿ ಕಾಣುವುದು ಅಪರೂಪ. ಬೀಡಿ ಮುಟ್ಟದವರಿಗೂ ಒಲೆಯ ಹೊಗೆಯಿಂದ ಸಿಒಪಿಡಿ ಕಾಯಿಲೆ ಬರುತ್ತದೆ. ನಾವು "ವಯಸ್ಸಾಯ್ತು, ದಮ್ಮು" ಎಂದು ಸುಮ್ಮನಾಗುತ್ತೇವೆ. ಲೆಕ್ಕಕ್ಕೇ ಸೇರದವರ ಕಷ್ಟ ಯಾವ ಕಂಪ್ಯೂಟರಿಗೂ ತಿಳಿಯದು.

ಅದಕ್ಕೆ ಎರಡು ಕೋರಿಕೆ. ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುವ ಹಿರಿಯರು ಮನೆಯಲ್ಲಿದ್ದರೆ ವೈದ್ಯರಲ್ಲಿಗೆ ಕರೆದೊಯ್ದು, ಸ್ಪೈರೋಮೆಟ್ರಿ ಬೇಕೇ ಎಂದು ಕೇಳಿ. ನಳಿಕೆಯೊಳಗೆ ಜೋರಾಗಿ ಊದುವ ಪರೀಕ್ಷೆ ಅದು, ಸೂಜಿ ಚುಚ್ಚುವುದಿಲ್ಲ. ಇನ್ನು ಸಂಶೋಧಕರು ಒಪ್ಪಿಗೆ ಕೇಳಿ ಬಂದರೆ, ಏತಕ್ಕೆ, ಯಾರಿಗೆ ಉಪಯೋಗ, ನಮ್ಮ ಹೆಸರು ಗುಟ್ಟಾಗಿರುತ್ತದೆಯೇ ಎಂದು ವಿಚಾರಿಸಿ. ಮನಸ್ಸಿಗೆ ಸಮಾಧಾನವಾದರೆ ಸೇರಿಕೊಳ್ಳಿ.

ಮಕ್ಕಳೇ, ಗಣಿತದ ತರಗತಿಯಲ್ಲಿ ನೀವು ಕಲಿಯುವ ಸರಾಸರಿ, ಮಧ್ಯಾಂಕಗಳನ್ನು ನಾನು ಇಂದಿಗೂ ದಿನವೂ ಬಳಸುತ್ತೇನೆ. ಸರಾಸರಿ ತೆಗೆದ ಮೇಲೆ, ಇದರಲ್ಲಿ ಯಾರು ಬಿಟ್ಟುಹೋದರು ಎಂದು ಒಮ್ಮೆ ಯೋಚಿಸಿ. ಈ ಶಾಲೆಯ ಹುಡುಗಿಯೊಬ್ಬಳು ನಮ್ಮ ತಾಯಂದಿರ ಉಸಿರಿನ ಲೆಕ್ಕವನ್ನು ತಾನೇ ಮಾಡುವಂತಾಗಲಿ.