ಅತಿಥಿಯ ಕೈಯಲ್ಲಿ ಕರಣೆ



ಈ ಉಪನ್ಯಾಸಮಾಲೆಯಲ್ಲಿ ನನಗಿಂತ ಮೊದಲು ಮಾತನಾಡಿದ ವಿದ್ವಾಂಸರು ವಿಷಯವನ್ನು ತಾವೇ ಆರಿಸಿಕೊಂಡು ಬಂದವರು. ನನ್ನ ವಿಷಯವಾದರೋ ಒಂದು ಪತ್ರದ ರೂಪದಲ್ಲಿ ತಾನಾಗಿ ನನ್ನ ಮನೆಬಾಗಿಲಿಗೆ ಬಂದುದು. ಬಾಲ್ಯಮಿತ್ರರೊಬ್ಬರ ಮೊಮ್ಮಗಳು, ಅಮೆರಿಕದಲ್ಲಿಯೇ ಹುಟ್ಟಿ ಬೆಳೆದವಳು, ತಮ್ಮ ಇಗರ್ಜಿಯ ತಂಡದೊಡನೆ ಹೊಂಡುರಾಸ್ ದೇಶದ ಒಂದು ಹಳ್ಳಿಗೆ ಹೋಗಿ ಹತ್ತು ದಿನ ಬಡವರ ಮನೆಗಳ ಮಾಡು ರಿಪೇರಿ ಮಾಡಲಿರುವುದಾಗಿ ಬರೆದು, "ಅಜ್ಜಾ, ನಿಮ್ಮ ಆಶೀರ್ವಾದ ಬೇಕು" ಎಂದು ಕೇಳಿದ್ದಾಳೆ. ಆಶೀರ್ವಾದಕ್ಕೇನೂ ಬಡತನವಿಲ್ಲ. ಆದರೆ ಪತ್ರ ಬಂದು ಮೂರು ವಾರವಾದರೂ ಉತ್ತರದ ಮೊದಲ ಸಾಲಿನಿಂದಾಚೆಗೆ ನನ್ನ ಲೇಖನಿ ಚಲಿಸಿಲ್ಲ. ಆ ತಡವರಿಕೆಯನ್ನೇ ಇಂದು ಉಪನ್ಯಾಸವೆಂಬ ಹೆಸರಿನಿಂದ ತಮ್ಮ ಮುಂದಿಡುತ್ತಿದ್ದೇನೆ.

ದೇವರ ಹೆಸರಿನಲ್ಲಿ ಕಡಲು ದಾಟಿ ಬಂದವರ ಕಥೆಯನ್ನು ನಮ್ಮ ಕರಾವಳಿಯವರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಇಳಿದರು. 1865ರಲ್ಲಿ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ತೆರೆದರು. ಆ ಹೆಂಚಿನ ಸಂತತಿ ಈಗಲೂ ನಮ್ಮ ಎಷ್ಟೋ ಮನೆಗಳ ತಲೆಕಾಯುತ್ತಿದೆ. ಆದರೆ ಅವರು ಬಂದು ನೆಲೆನಿಂತವರು, ನೆಲದ ನುಡಿಯನ್ನು ಕಲಿತವರು; 1894ರಲ್ಲಿ ಅಚ್ಚಾದ ಕಿಟ್ಟೆಲ್ಲರ ನಿಘಂಟು ಹತ್ತು ದಿನದ ರಜೆಯಲ್ಲಿ ಹುಟ್ಟಿದುದಲ್ಲವಷ್ಟೆ. ರಜೆಗೆ ಹೋಗಿ ಮನೆ ಕಟ್ಟಿ ಬರುವ ಸೇವೆ ಈಚಿನದು. ಅದಕ್ಕೆ ಹೆಚ್ಚಿನ ಪ್ರಸಿದ್ಧಿ ತಂದವರು, ಅಂದಿನ ಜೈರ್ ದೇಶದಲ್ಲಿ ಮೂರು ವರ್ಷ ಇದ್ದು ಬಂದು, 1976ರಲ್ಲಿ ಜಾರ್ಜಿಯಾ ಪ್ರಾಂತದ ಅಮೆರಿಕಸ್ ಎಂಬ ಊರಿನಲ್ಲಿ 'ಹ್ಯಾಬಿಟ್ಯಾಟ್' ಸಂಸ್ಥೆಯನ್ನು ಸ್ಥಾಪಿಸಿದ ಮಿಲರ್ಡ್ ಫುಲ್ಲರ್. ಮನೆ ಪಡೆಯುವವನೂ ತನ್ನ ಬೆವರಿನ ಪಾಲನ್ನು ಕೊಡಲೇಬೇಕೆಂಬುದು ಅವರ ನಿಯಮ.

ಇಷ್ಟು ಚರಿತ್ರೆ ಸಾಕು. ನನ್ನ ಲೇಖನಿಯನ್ನು ತಡೆದು ನಿಲ್ಲಿಸಿದವರು ಬೇರೊಬ್ಬರು. ವಿಯೆನ್ನಾದಲ್ಲಿ ಹುಟ್ಟಿ, ಕ್ಯಾಥೊಲಿಕ್ ಪಾದ್ರಿಯಾಗಿ ನ್ಯೂಯಾರ್ಕಿನ ಪೋರ್ಟೊರಿಕೊ ಬಡವರ ನಡುವೆ ಕೆಲಸಮಾಡಿ, ಅನಂತರ ಮೆಕ್ಸಿಕೋದ ಕ್ವೆರ್ನವಾಕಾದಲ್ಲಿ ನೆಲೆಸಿ, ಲ್ಯಾಟಿನ್ ಅಮೆರಿಕಕ್ಕೆ ಬರುವ ಮಿಶನರಿಗಳಿಗೆ ಸ್ಪ್ಯಾನಿಷ್ ಕಲಿಸುವ ಕೇಂದ್ರವನ್ನು ನಡೆಸುತ್ತಿದ್ದ ಇವಾನ್ ಇಲಿಚ್, 1968ರ ಏಪ್ರಿಲ್ 20ರಂದು, ಬೇಸಿಗೆಯ ರಜೆಯಲ್ಲಿ ಮೆಕ್ಸಿಕೋದ ಹಳ್ಳಿಗಳ ಸೇವೆಗೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳ ಸಮ್ಮೇಳನದಲ್ಲಿ ನಿಂತು, ನಿಮ್ಮ ಸದುದ್ದೇಶ ಪಾತಾಳಕ್ಕೆ ಹೋಗಲಿ ಎಂಬರ್ಥದ ಮಾತನ್ನು ಮುಖಕ್ಕೇ ಹೇಳಿದರು. ಕರೆದವರ ಮನೆಯಲ್ಲಿ ಕುಳಿತು ಕರೆದವರನ್ನೇ ಜರೆಯುವ ಈ ಧೈರ್ಯ ನಮ್ಮ ಸಭೆಗಳಲ್ಲಿ ಈಗ ಕಾಣಸಿಗದು. ಪ್ರವಾಸಿಯಾಗಿ ಬರುವವನ ಮೇಲೂ ವಿದ್ಯಾರ್ಥಿಯಾಗಿ ಬರುವವನ ಮೇಲೂ ಅವರಿಗೆ ತಕರಾರಿರಲಿಲ್ಲ. ಉಪಕಾರಿಯಾಗಿ ಬರುವವನಿಗೆ ಮಾತ್ರ ಬಾಗಿಲು ಮುಚ್ಚಿದ್ದರು. ಸೇವೆ ಮಾಡಲೇಬೇಕೆಂಬ ಹಟವಿದ್ದರೆ, ಬೇಡವೆನಿಸಿದಾಗ ನಿಮ್ಮನ್ನು ಆಚೆಗೆ ಅಟ್ಟಬಲ್ಲವರ ನಡುವೆ ಮಾಡಿ ಎಂಬುದು ಅವರ ವಾದದ ತಿರುಳು. ಆ ಒಂದು ಷರತ್ತನ್ನು ನಾನು ವರ್ಷಗಟ್ಟಲೆ ಮೆಲುಕು ಹಾಕಿದ್ದೇನೆ.

ಹುಡುಗಿ ಹೊರಟಿರುವ ಹೊಂಡುರಾಸಿನಲ್ಲಿಯೇ ಇಂಥ ಸೇವೆಯ ಲೆಕ್ಕ ಹಾಕಿದವರುಂಟು. 1998ರ 'ಮಿಚ್' ಚಂಡಮಾರುತದ ತರುವಾಯ ಅಮೆರಿಕದ ಇಗರ್ಜಿಗಳ ತಂಡಗಳು ಅಲ್ಲಿ ಮನೆ ಕಟ್ಟಲು ಧಾವಿಸಿದುವು. ಒಂದು ಮನೆಗೆ ಸುಮಾರು 2,000 ಡಾಲರ್ ವೆಚ್ಚ. ಅದನ್ನು ಕಟ್ಟಲು ಬರುವ ಒಂದು ತಂಡದ ಪ್ರಯಾಣಕ್ಕೆ ಸುಮಾರು 30,000. ಪರದೇಶಿಗಳು ಕಟ್ಟಿದ ಮನೆಯವರ ಬಾಳಿಗೂ ಊರವರೇ ಕಟ್ಟಿದ ಮನೆಯವರ ಬಾಳಿಗೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲವೆಂದು, ಆ ದೇಶದಲ್ಲಿಯೇ ವಾಸವಾಗಿದ್ದ ಸಮಾಜಶಾಸ್ತ್ರಜ್ಞ ಕರ್ಟ್ ವರ್ ಬೀಕ್ ಬರೆದರು. ಅವರೂ ಶ್ರದ್ಧಾವಂತ ಕ್ರೈಸ್ತರೇ ಎಂಬುದನ್ನು ಮರೆಯಬಾರದು. ಈ ಜಗಳ ಒಂದೇ ಮನೆಯ ಅಣ್ಣತಮ್ಮಂದಿರದು.

ಇಲ್ಲಿ ನನ್ನ ಗುರುಗಳೊಬ್ಬರ ನೆನಪು ಅಡ್ಡಬರುತ್ತದೆ, ಕ್ಷಮಿಸಬೇಕು. ಕಾಲೇಜಿನಲ್ಲಿ ನಮಗೆ ತರ್ಕಶಾಸ್ತ್ರ ಕಲಿಸುತ್ತಿದ್ದ ಅವರು ಒಂದು ವರ್ಷ, ಮುಂಗಾರಿನ ಮೋಡ ಕಟ್ಟುತ್ತಿದ್ದ ಹೊತ್ತಿನಲ್ಲಿ, ನಮ್ಮ ಹನ್ನೆರಡು ಮಂದಿಯನ್ನು ಹತ್ತಿರದ ಹಳ್ಳಿಗೆ ಕರೆದೊಯ್ದು, ಒಂಟಿ ಮುದುಕಿಯೊಬ್ಬಳ ಮನೆಯ ಹೆಂಚು ಕೈಯಾಡಿಸುವ ಶ್ರಮದಾನಕ್ಕೆ ಹಚ್ಚಿದರು. "ತರ್ಕದಂತೆಯೇ ಕಣ್ರಯ್ಯ, ಕೆಳಗಿನ ಸಾಲು ಸರಿಯಾಗಿ ಕೂತರೆ ಮೇಲಿನದು ತಾನೇ ಕೂರುತ್ತದೆ" ಎಂದು ಅಂಗಳದಿಂದ ಬೋಧಿಸುತ್ತಿದ್ದರು. ಮಾಡಿನ ಮೇಲಿದ್ದ ನಾನು ಪಕಾಸಿನ ಮೇಲಿಡಬೇಕಾದ ಕಾಲನ್ನು ಎರಡು ರೀಪುಗಳ ನಡುವೆ ಇಟ್ಟೆ. ಹನ್ನೊಂದು ಹೆಂಚು ಹೋದುವು. ಒಂದು ಅವಳ ಅಡುಗೆಯ ಒಲೆಯ ಪಕ್ಕದಲ್ಲಿಯೇ ಬಿತ್ತು. "ಹೆಂಚು ಹೋದರೆ ಹೋಗಲಿ ಮಗಾ, ಕಾಲು ಉಳಿಯಿತಲ್ಲ" ಎಂದಳು. ಬಳಿಕ ನಮಗೆಲ್ಲ ಬೆಲ್ಲದ ಕಾಫಿ ಬಂತು. ಅದರ ಪುಡಿಯನ್ನು ನೆರೆಮನೆಯ ಹುಡುಗನೊಬ್ಬನು ಗೆರಟೆಯಲ್ಲಿ ಸಾಲ ತಂದುದನ್ನು ಮಾಡಿನ ಮೇಲಿಂದ ಕಂಡವನು ನಾನೊಬ್ಬನೇ.

ಇನ್ನೊಬ್ಬನನ್ನೂ ಕಂಡೆ. ಪ್ರತಿವರ್ಷ ಆ ಮನೆಯ ಹೆಂಚು ಕೈಯಾಡಿಸಿ ಎರಡು ಸೇರು ಅಕ್ಕಿ ಒಯ್ಯುತ್ತಿದ್ದ ಆಳು ಅಂಗಳದಂಚಿನ ಹಲಸಿನ ಮರಕ್ಕೆ ಒರಗಿ ನಿಂತು ನಮ್ಮ ದೇಶಸೇವೆಯನ್ನು ನೋಡುತ್ತಿದ್ದ. ಆ ವರ್ಷ ಆ ಅಕ್ಕಿ ಅವನಿಗೆ ಸಿಕ್ಕಲಿಲ್ಲ. ಒಡೆದ ಹೆಂಚುಗಳ ಹಣವನ್ನು ಗುರುಗಳು ಮರುದಿನದ ಬಸ್ಸಿನಲ್ಲಿಯೇ ಕಳುಹಿಸಿದರು. ಮರುವರ್ಷ ಶಿಬಿರ ನಡೆಯಲಿಲ್ಲ. ಕಾರಣ ಕೇಳುವ ಧೈರ್ಯ ನಮಗಿರಲಿಲ್ಲ.

ಇಷ್ಟಾದ ಮೇಲೆ ಇಲಿಚ್ ಗೆದ್ದರೆಂದು ನಾನು ಒಪ್ಪಬೇಕಾಗಿತ್ತು. ಒಪ್ಪಲಾರದೆ ಹೋದುದಕ್ಕೆ ಕಾರಣ ಎನ್ ಎಂಬ ಫ್ರೆಂಚ್ ಹಳ್ಳಿ. ಇದನ್ನು ನನ್ನ ಶೋಧವೆಂದು ಹೇಳಿಕೊಳ್ಳುವ ಸಣ್ಣತನವನ್ನು ತಾವು ಮನ್ನಿಸಬೇಕು. 1916ರ ವೆರ್ಡನ್ ಕದನದ ನೆಲದಲ್ಲಿ ನೆಲಸಮವಾಗಿದ್ದ ಆ ಹಳ್ಳಿಗೆ, ಸ್ವಿಟ್ಜರ್ಲೆಂಡಿನ ಅಧ್ಯಕ್ಷರಾಗಿದ್ದವರೊಬ್ಬರ ಮಗನಾಗಿಯೂ ಸೈನ್ಯದ ತೆರಿಗೆ ಕೊಡಲೊಲ್ಲದೆ ಸೆರೆಮನೆ ಕಂಡ ಎಂಜಿನಿಯರ್ ಪಿಯೇರ್ ಸೆರೆಸೋಲ್, ಕ್ರಿಸ್ತನ ಶಾಂತಿಯನ್ನು ಸಲಿಕೆಯಿಂದ ಬರೆಯಬೇಕೆಂದು, 1920ರ ಚಳಿಗಾಲದಲ್ಲಿ ನಾನಾ ದೇಶಗಳ ಸ್ವಯಂಸೇವಕರನ್ನು ಕರೆತಂದು ಮನೆಮಾರು ಎತ್ತಿನಿಲ್ಲಿಸತೊಡಗಿದರು. ಅವರಲ್ಲಿ ನಿನ್ನೆಯ ಶತ್ರುಗಳಾದ ಜರ್ಮನರೂ ಇದ್ದರು. ಕೆಲವೇ ತಿಂಗಳಲ್ಲಿ, 1921ರ ವಸಂತಕ್ಕೆ, ಸ್ಥಳೀಯರ ವಿರೋಧದಿಂದ ಶಿಬಿರ ಮುಚ್ಚಿತು. ಮೇಲ್ನೋಟಕ್ಕೆ ಇದು ಸೆರೆಸೋಲರ ಸೋಲು. ನನಗಾದರೋ, ಇಲಿಚ್ ಮುಂದೆ ಕೇಳಲಿದ್ದ ಷರತ್ತು ನಲವತ್ತೇಳು ವರ್ಷ ಮೊದಲೇ ಪೂರ್ತಿಯಾಗಿ ನೆರವೇರಿದುದು ಅಲ್ಲಿಯೇ ಎನಿಸುತ್ತದೆ. ಮನೆ ಕಳೆದುಕೊಂಡಿದ್ದರೂ ಆ ರೈತರಿಗೆ 'ಹೋಗಿ' ಎನ್ನುವ ನಾಲಗೆಯಿತ್ತು, ಬಂದವರು ಹೋದರು.

ಅದೇ ಸೆರೆಸೋಲ್ 1934ರ ಜನವರಿ 15ರ ಭೂಕಂಪದ ತರುವಾಯ ನಮ್ಮ ಬಿಹಾರಕ್ಕೂ ಬಂದರು. ಬೆರಳೆಣಿಕೆಯ ಸಂಗಡಿಗರೊಡನೆ ಮುಜಫರಪುರದ ಸೀಮೆಯಲ್ಲಿ ನೆರೆ ಮುಟ್ಟದ ಎಡೆಗೆ ಹಳ್ಳಿಗಳನ್ನು ಸರಿಸಿ ಕಟ್ಟಿದರು. ಆದರೆ ಬಿಹಾರದಲ್ಲಿ ಮಣ್ಣು ಹೊರುವ ಕೈಗಳಿಗೆ ಬರವಿತ್ತೆ? ಸ್ವಾಗತ ಹೇಳಿದವರು ರಾಜೇಂದ್ರ ಪ್ರಸಾದರಂಥ ನಾಯಕರು. ಮರಳು ತುಂಬಿದ ಗದ್ದೆಯ ರೈತನಿಗೆ, ಎನ್ನಿನ ರೈತನಿಗಿದ್ದ ನಾಲಗೆ ಇದ್ದಿತೆ?

ಹಾಗಾದರೆ ಆ ಮುದುಕಿಗೆ? ನಮ್ಮ ಗುರುಗಳು ಹಿಂದಿನ ದಿನ ಹೋಗಿ ಅವಳನ್ನು ಕೇಳಿದ್ದರೆ? ಕೇಳಿದ್ದರೂ, ಖಾದಿಯುಟ್ಟ ಮೇಷ್ಟ್ರು ಬಾಗಿಲಲ್ಲಿ ನಿಂತಾಗ ಬೇಡವೆನ್ನುವ ಶಕ್ತಿ ಅವಳಲ್ಲಿತ್ತೆ? ಹೋಗಬೇಡವೆಂದು ಈ ಹುಡುಗಿಗೆ ಬರೆದರೆ, ಹಲಸಿನ ಮರದಡಿಯ ಆಳನ್ನು ನನ್ನ ಕಣ್ಣಿಗೆ ಕಾಣಿಸಿದ ಅದೇ ಮಾಡಿನ ಮೇಲೆ ಅವಳು ಹತ್ತದಂತೆ ನಾನು ಏಣಿ ತೆಗೆದಂತಾಗುವುದಿಲ್ಲವೆ? ಹೋಗು ಎಂದು ಬರೆದರೆ, ಅವಳ ಕಲಿಕೆಗೆ ಹನ್ನೊಂದು ಹೆಂಚು ತೆರಬೇಕಾದವರು ಯಾರು? ಅವಳಿಗೆ ಸ್ಪ್ಯಾನಿಷ್ ಬರುತ್ತದೆಯೆ ಎಂದು ಕೇಳಿ ಬರೆಯಬಹುದಲ್ಲ ಎಂದು ನನ್ನ ಹೆಂಡತಿ ಸೂಚಿಸಿದಳು. ಅಷ್ಟು ಬರೆಯಲು ಕಾಗದ ತೆಗೆದಿದ್ದೆ. ಮೊನ್ನೆ ಮಿತ್ರರು ಫೋನು ಮಾಡಿ, ಟಿಕೇಟು ಕೊಂಡಾಯಿತೆಂದರು.