ಹಳೆಯ ಪುಸ್ತಕಕ್ಕೂ ಒಂದು ಮುಯ್ಯಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟಿರುವ ವಿಷಯ ‘ಓದುವ ಹವ್ಯಾಸ’. ಓದಿ ಎಂದು ಹೇಳುವುದಕ್ಕೆ ಈ ಶಾಲೆಯಲ್ಲಿ ಐವತ್ತು ವರ್ಷದಿಂದ ಮೇಷ್ಟ್ರುಗಳಿದ್ದಾರೆ. ನಾನು ಇನ್ನೊಂದು ಮಾತು ಆಡುತ್ತೇನೆ. ಓದಿ ಮುಗಿದ ಪುಸ್ತಕ ಎಲ್ಲಿಗೆ ಹೋಗಬೇಕು? ಅದನ್ನು ತೆಗೆದುಕೊಂಡು ಬದಲಿಗೆ ಬೇರೆ ಪುಸ್ತಕ ಕೊಡುವ ಅಂಗಡಿ ಎಲ್ಲಿ ಸಿಗುತ್ತದೆ? ನಾನು ಇಪ್ಪತ್ತಾರು ವರ್ಷ ಪದವಿಪೂರ್ವ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿದವನು. ಆದ್ದರಿಂದ ಸ್ವಲ್ಪ ಲೆಕ್ಕಾಚಾರದ ಮಾತೂ ಬರುತ್ತದೆ, ಸಹಿಸಿಕೊಳ್ಳಿ.

ನಮ್ಮೂರಿನಿಂದ ಪೂರ್ವಕ್ಕೆ ಬಸ್ ಹತ್ತಿದರೆ ಚಾಮರಾಜನಗರ, ಪಶ್ಚಿಮಕ್ಕೆ ಹತ್ತಿದರೆ ಗುಂಡ್ಲುಪೇಟೆ. ಎಸ್ಸೆಸ್ಸೆಲ್ಸಿ ಮುಗಿಸಿದ ನಮ್ಮ ಮಕ್ಕಳು ಈ ಎರಡರಲ್ಲಿ ಒಂದು ಕಡೆಗೆ ಕಾಲೇಜಿಗೆ ಹೋಗುತ್ತಾರೆ. ಹತ್ತನೇ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಪಠ್ಯಪುಸ್ತಕ ಉಚಿತ. ಪಿಯುಸಿಗೆ ಕಾಲಿಟ್ಟ ಕೂಡಲೇ ಪುಸ್ತಕ ಕೊಳ್ಳಬೇಕು. ವಿಜ್ಞಾನ ತೆಗೆದುಕೊಂಡರೆ ಪಠ್ಯದ ಜೊತೆಗೆ ಗೈಡು, ಲ್ಯಾಬ್ ರೆಕಾರ್ಡು, ಸಿಇಟಿ, ನೀಟ್ ಪುಸ್ತಕ. ಅದೇ ಜೂನ್ ತಿಂಗಳಲ್ಲಿ ಹೊಲಕ್ಕೆ ಬಿತ್ತನೆ ಬೀಜ, ಗೊಬ್ಬರವೂ ಆಗಬೇಕು. ಎರಡೂ ಖರ್ಚು ಒಂದೇ ಜೇಬಿನಿಂದ. ಇನ್ನೊಂದು ಮನೆಯಲ್ಲಿ ಹೋದ ವರ್ಷ ಪಿಯುಸಿ ಮುಗಿಸಿದ ಹುಡುಗನ ಪುಸ್ತಕಗಳು ಅಟ್ಟದ ಮೇಲೆ ಇಲಿಗೆ ಬಿದ್ದಿರುತ್ತವೆ, ಇಲ್ಲವೇ ಗುಜರಿಯವನ ತಕ್ಕಡಿಗೆ ಬರುತ್ತವೆ. ಸಾವಿರಾರು ರೂಪಾಯಿ ಕೊಟ್ಟ ಪುಸ್ತಕ ಕಿಲೋ ಲೆಕ್ಕದಲ್ಲಿ ಹೋಗುತ್ತದೆ.

ಈ ಎರಡು ಮನೆಗಳ ನಡುವೆ ಇರಬೇಕಾದವನು ಹಳೇ ಪುಸ್ತಕದ ಅಂಗಡಿಯವನು.

ನಮ್ಮ ಕಡೆಯವರಿಗೆ ಬಹುಕಾಲ ಆ ಅಂಗಡಿ ಎಂದರೆ ಮೈಸೂರು. ಗುಂಡ್ಲುಪೇಟೆಯಿಂದಾದರೂ ಚಾಮರಾಜನಗರದಿಂದಾದರೂ ಮೈಸೂರು ಸುಮಾರು 60 ಕಿಲೋಮೀಟರ್. ಅಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಸಾಲಿನಲ್ಲಿ ಹಳೇ ಪುಸ್ತಕದ ಅಂಗಡಿಗಳಿದ್ದದ್ದು ನನ್ನ ವಯಸ್ಸಿನವರಿಗೆ ನೆನಪಿರುತ್ತದೆ. ಚೀಲದಲ್ಲಿ ಹಳೆಯದನ್ನು ತುಂಬಿಕೊಂಡು ಹೋಗುವುದು, ಅದಕ್ಕೆ ಬೆಲೆ ಕಟ್ಟಿಸುವುದು, ಮೇಲೆ ಇಷ್ಟು ಹಣ ಸೇರಿಸಿ ಮುಂದಿನ ತರಗತಿಯ ಪುಸ್ತಕ ತರುವುದು. 2012ರಲ್ಲಿ ಆ ಕಟ್ಟಡದ ಒಂದು ಭಾಗ ಕುಸಿದು ಜೀವಹಾನಿಯಾಯಿತು, ಅಂಗಡಿಗಳು ತೆರವಾದವು.

ಬೆಂಗಳೂರಿನಲ್ಲಿ ಅವೆನ್ಯೂ ರಸ್ತೆ ಈಗಲೂ ಪಠ್ಯಪುಸ್ತಕದ ಹಳೇ ಸಂತೆ. ಇಂಜಿನಿಯರಿಂಗ್ ಓದುವ ನಮ್ಮ ಹುಡುಗರಿಗೆ ಅದು ಗೊತ್ತು. ಕಥೆ ಕಾದಂಬರಿ ಬೇಕಾದವರಿಗೆ ಚರ್ಚ್ ಸ್ಟ್ರೀಟಿನಲ್ಲಿ ಬ್ಲಾಸಮ್, ಬುಕ್‌ವರ್ಮ್ ಎಂಬ ದೊಡ್ಡ ಮಳಿಗೆಗಳಿವೆ. ಬ್ಲಾಸಮ್ ಕಟ್ಟಿದ ಮಾಯಿ ಗೌಡರು ಮೊದಲು ಎಂ.ಜಿ. ರಸ್ತೆಯ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಹರಡಿಕೊಂಡು ಮಾರಿದವರು. ಬ್ರಿಗೇಡ್ ರಸ್ತೆಯ ಪಕ್ಕದ ಸೆಲೆಕ್ಟ್ ಬುಕ್ ಶಾಪ್ 1945ರಿಂದ ನಡೆದುಬಂದಿದೆ. ಓದಿದ ಪುಸ್ತಕ ಕೊಂಡು, ಮತ್ತೆ ಮಾರಿ ಬದುಕಬಹುದು ಎನ್ನುವುದಕ್ಕೆ ಇವು ಸಾಕ್ಷಿ.

ಇದು ದೊಡ್ಡ ನಗರಕ್ಕೆ ಮಾತ್ರ ಆಗುವ ವ್ಯಾಪಾರ ಎನ್ನಬೇಡಿ. ಇಂಗ್ಲೆಂಡಿನ ಗಡಿಗೆ ಅಂಟಿಕೊಂಡ ವೇಲ್ಸ್ ನಾಡಿನಲ್ಲಿ ಹೇ-ಆನ್-ವೈ ಎಂಬ ಊರಿದೆ. ನಮ್ಮ ಗುಂಡ್ಲುಪೇಟೆಗಿಂತ ಎಷ್ಟೋ ಚಿಕ್ಕದು. 1960ರ ದಶಕದಲ್ಲಿ ರಿಚರ್ಡ್ ಬೂತ್ ಎಂಬವನು ಅಲ್ಲಿನ ಹಳೆಯ ಅಗ್ನಿಶಾಮಕ ಠಾಣೆಯಲ್ಲಿ ಹಳೇ ಪುಸ್ತಕದ ಅಂಗಡಿ ತೆರೆದ. ಒಂದರ ಪಕ್ಕ ಒಂದು ಅಂಗಡಿ ಬಂದು, ಇಡೀ ಊರಿಗೇ ಪುಸ್ತಕದ ಊರು ಎಂಬ ಹೆಸರು ಬಂತು. ಮಹಾರಾಷ್ಟ್ರದ ಭಿಲಾರ್ ಎಂಬ ಹಳ್ಳಿಯನ್ನು 2017ರಲ್ಲಿ ಪುಸ್ತಕಗಳ ಗ್ರಾಮ ಮಾಡಿದಾಗ ಅದಕ್ಕೆ ಮಾದರಿಯಾದದ್ದು ಇದೇ ಊರು.

ಈಗ ಅಂಗಡಿಯ ಲೆಕ್ಕ ಹೇಳುತ್ತೇನೆ, ಮಕ್ಕಳು ಗಮನವಿಟ್ಟು ಕೇಳಿ. ಮುಖಬೆಲೆ 200 ರೂಪಾಯಿಯ ಪುಸ್ತಕವನ್ನು ಅಂಗಡಿಯವನು 100ಕ್ಕೆ ಮಾರುತ್ತಾನೆ ಎಂದಿಟ್ಟುಕೊಳ್ಳಿ. ಅದನ್ನು ನಿಮ್ಮಿಂದ 50ಕ್ಕೆ ಕೊಂಡರೆ ಅವನಿಗೆ ಬಾಡಿಗೆ, ದೀಪ, ಕೂಲಿ ಎಲ್ಲ ಕಳೆದು ಏನಾದರೂ ಉಳಿಯಬೇಕು. ಹಣ ಬೇಡ, ಪುಸ್ತಕವನ್ನೇ ಕೊಡಿ ಎಂದರೆ 50ರ ಜಾಗದಲ್ಲಿ 70 ರೂಪಾಯಿಗೆ ಹಿಡಿಯುತ್ತಾನೆ. ಏಕೆ? ಅವನ ಬೀರುವಿನಲ್ಲಿ 70 ರೂಪಾಯಿಗೆ ಮಾರುವ ಪುಸ್ತಕ ಅವನಿಗೆ 35ಕ್ಕೆ ಬಂದಿರುತ್ತದೆ. ಗಲ್ಲಾದಿಂದ ನೋಟು ಹೊರಗೆ ಹೋಗುವುದಿಲ್ಲ. ನಿಮಗೂ ಲಾಭ, ಅವನಿಗೂ ನಷ್ಟವಿಲ್ಲ. ಆದ್ದರಿಂದ ಅಂಗಡಿಗೆ ಹೋದಾಗ ‘ಎಷ್ಟು ಕೊಡುತ್ತೀರಿ’ ಎಂದು ಒಂದೇ ಪ್ರಶ್ನೆ ಕೇಳಬೇಡಿ. ದುಡ್ಡಿಗೆ ಎಷ್ಟು, ಬದಲಿಗೆ ಎಷ್ಟು ಎಂದು ಎರಡು ಕೇಳಿ.

ಇನ್ನೂ ಕೆಲವು ಮಾತು ಕೇಳಿಕೊಳ್ಳಿ. ಇಂದು ಬೇಕಾದ ಪುಸ್ತಕ ಇಲ್ಲದಿದ್ದರೆ ಬಾಕಿ ಎಷ್ಟು ದಿನ ನಡೆಯುತ್ತದೆ? ಅದನ್ನು ಚೀಟಿಯಲ್ಲಿ ಬರೆದುಕೊಡುತ್ತೀರಾ? ಇಲ್ಲಿ ಕೊಂಡ ಪುಸ್ತಕವನ್ನು ಓದಿದ ಮೇಲೆ ವಾಪಸು ತೆಗೆದುಕೊಳ್ಳುತ್ತೀರಾ? ಫೋನ್ ನಂಬರ್ ಸಿಕ್ಕರೆ ಹೋಗುವ ಮೊದಲೇ ಪುಸ್ತಕದ ಪಟ್ಟಿ ಓದಿ ಹೇಳಿ. ಬಸ್ ಚಾರ್ಜು ಉಳಿಯುತ್ತದೆ. ದೊಡ್ಡ ಬೋರ್ಡು ಹುಡುಕಬೇಡಿ. ಬಸ್ ನಿಲ್ದಾಣದ ಬಳಿ, ಕಾಲೇಜಿನ ಎದುರು ಜೆರಾಕ್ಸ್ ಮತ್ತು ಸ್ಟೇಷನರಿ ಅಂಗಡಿಯವರನ್ನು ವಿಚಾರಿಸಿ. ಹಳೇ ಪೇಪರ್ ಅಂಗಡಿಯವರನ್ನೂ ವಿಚಾರಿಸಿ; ತೂಕಕ್ಕೆ ಬಂದ ರಾಶಿಯಿಂದ ಒಳ್ಳೆಯ ಪುಸ್ತಕ ತೆಗೆದಿಡುವವರು ಅವರಲ್ಲಿ ಇರುತ್ತಾರೆ. ಪರೀಕ್ಷೆ ಮುಗಿದ ಏಪ್ರಿಲ್‌ನಲ್ಲಿ ಎಲ್ಲರೂ ಮಾರಲು ಬರುತ್ತಾರೆ, ಜೂನ್‌ನಲ್ಲಿ ಎಲ್ಲರೂ ಕೊಳ್ಳಲು ಬರುತ್ತಾರೆ. ಅರಿಶಿನದ ಬೆಲೆ ಏರುವುದನ್ನೂ ಇಳಿಯುವುದನ್ನೂ ನೋಡಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂಗಡಿಯವನು ಮೊದಲು ನೋಡುವುದು ಪಠ್ಯ ಬದಲಾಗಿದೆಯೇ ಎಂದು. ಆಮೇಲೆ ಹಾಳೆ ಹರಿದಿದೆಯೇ, ಗೆದ್ದಲು ಹಿಡಿದಿದೆಯೇ, ನೀರು ಬಿದ್ದಿದೆಯೇ. ನಮ್ಮ ಪಿಯುಸಿ ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪಠ್ಯಕ್ರಮ ಬಂದ ಮೇಲೆ ಆ ಪುಸ್ತಕಗಳಿಗೆ ಬೇರೆ ರಾಜ್ಯದಲ್ಲೂ ಗಿರಾಕಿ ಇದ್ದಾರೆ. ಸಾಮಾನ್ಯ ಜ್ಞಾನದ ಪುಸ್ತಕ ಮಾತ್ರ ವರ್ಷ ತಿರುಗುವುದರೊಳಗೆ ಹಳಸುತ್ತದೆ. ಸರ್ಕಾರ ಉಚಿತವಾಗಿ ಕೊಟ್ಟ ಪಠ್ಯವನ್ನು ಅಂಗಡಿಗೆ ಒಯ್ಯಬಾರದು. ಅದನ್ನು ಶಾಲೆಗೆ ಹಿಂದಿರುಗಿಸಿದರೆ ಹೊಸ ಪುಸ್ತಕ ಬರುವವರೆಗೆ ತಮ್ಮ ತಂಗಿಯರಿಗೆ ಆಗುತ್ತದೆ.

ಇಷ್ಟೆಲ್ಲ ಏಕೆ, ಪುಸ್ತಕ ಇಲ್ಲದವರಿಗೆ ದಾನ ಮಾಡಿದರೆ ಸಾಲದೇ ಎಂದು ನೀವು ಕೇಳಬಹುದು. ಒಂದು ಸಂಗತಿ ಹೇಳುತ್ತೇನೆ. ನನ್ನ ತರಗತಿಯಲ್ಲಿ ಒಬ್ಬಳು ಹುಡುಗಿ ಆಗಸ್ಟ್ ಬಂದರೂ ಪಠ್ಯಪುಸ್ತಕ ಇಲ್ಲದೆ ಕೂರುತ್ತಿದ್ದಳು. ಅಪ್ಪ ಅಮ್ಮ ಕೇರಳದ ಕಡೆ ಶುಂಠಿ ಕೆಲಸಕ್ಕೆ ಹೋಗುವವರು. ಸ್ಟಾಫ್ ರೂಮಿಗೆ ಕರೆದು ನನ್ನ ಪ್ರತಿಯನ್ನು ಕೊಡಲು ಹೋದೆ. ‘ಸುಮ್ನೆ ಬ್ಯಾಡ ಸಾರ್’ ಎಂದು ತಲೆ ತಗ್ಗಿಸಿ ನಿಂತಳು. ಒತ್ತಾಯ ಮಾಡಲಿಲ್ಲ. ‘ನಿನ್ನ ಹತ್ತಿರ ಬೇರೆ ಯಾವ ಪುಸ್ತಕ ಇದೆಯಮ್ಮ?’ ಎಂದೆ. ಮರುದಿನ ಹತ್ತನೇ ತರಗತಿಯ ಎರಡು ಗೈಡು ತಂದಳು. ಕ್ಯಾಲೆಂಡರ್ ಹಾಳೆಯ ರಟ್ಟು ಹಾಕಿ ಹೊಸದರಂತೆ ಇಟ್ಟುಕೊಂಡಿದ್ದಳು. ಅದನ್ನು ಸಹೋದ್ಯೋಗಿಯೊಬ್ಬರ ಮಗನಿಗೆ ಕೊಟ್ಟು, ಇವಳಿಗೆ ಅರ್ಥಶಾಸ್ತ್ರದ ಪುಸ್ತಕ ಕೊಡಿಸಿದೆ. ಅವತ್ತು ತಲೆ ಎತ್ತಿ ತೆಗೆದುಕೊಂಡಳು. ಎರಡು ದಿನಗಳಲ್ಲಿ ಬದಲಾದದ್ದು ಪುಸ್ತಕವಲ್ಲ, ತೆಗೆದುಕೊಳ್ಳುವ ರೀತಿ. ಬದಲಿ ಕೊಟ್ಟು ಪಡೆದವರಿಗೆ ಯಾರ ಹಂಗೂ ಇರುವುದಿಲ್ಲ.

ಇದು ನಮಗೆ ಹೊಸದಲ್ಲ. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು ಎಂದು ಮುಯ್ಯಾಳಿನಲ್ಲಿ ಕಳೆ ತೆಗೆದವರು ನಮ್ಮ ಹಿರಿಯರು. ಅದರಲ್ಲಿ ಕೂಲಿಯೂ ಇಲ್ಲ, ಭಿಕ್ಷೆಯೂ ಇಲ್ಲ. ನಾನು ಈ ಶಾಲೆಯಲ್ಲಿ ಓದುವಾಗಲೂ ಮೇಲಿನ ತರಗತಿಯವರ ಪುಸ್ತಕವನ್ನು ಅರ್ಧ ಬೆಲೆಗೆ ಕೊಂಡು, ವರ್ಷವಾದ ಮೇಲೆ ಕೆಳಗಿನವರಿಗೆ ಕಾಲು ಬೆಲೆಗೆ ಕೊಡುತ್ತಿದ್ದೆವು. ಮೊದಲ ಹಾಳೆಯಲ್ಲಿ ಮೂರು ನಾಲ್ಕು ಹೆಸರು ಹೊಡೆದು ಹಾಕಿರುತ್ತಿದ್ದವು. ಇಲ್ಲಿ ಕುಳಿತಿರುವ ಕೆಲವರ ಹೆಸರೂ ಅದರಲ್ಲಿ ಇದ್ದವು.

ಆದ್ದರಿಂದ ಸುವರ್ಣ ಮಹೋತ್ಸವದ ನೆನಪಿಗೆ ಒಂದು ಕೋರಿಕೆ. ಕಮಾನು, ಕಲ್ಲಿನ ಫಲಕ ಎಲ್ಲ ಆಗಲಿ. ಜೊತೆಗೆ ಬೀಗವಿರುವ ಎರಡು ಬೀರು ಆಗಲಿ. ಪ್ರತಿ ವರ್ಷ ಮೇ ಕೊನೆಯ ವಾರದಿಂದ ಜೂನ್ ಎರಡನೇ ವಾರದವರೆಗೆ ಅದು ಪುಸ್ತಕ ಬದಲಾಯಿಸುವ ಕೇಂದ್ರವಾಗಲಿ. ಒಂದು ಪುಸ್ತಕ ತಂದವರಿಗೆ ಒಂದು ಪುಸ್ತಕ. ತರಲು ಏನೂ ಇಲ್ಲದವರಿಗೂ ಪುಸ್ತಕ ಸಿಗಲಿ, ವರ್ಷದ ಕೊನೆಗೆ ಅದನ್ನು ರಟ್ಟು ಹಾಕಿ ಹಿಂದಿರುಗಿಸುವುದೇ ಅವರ ಮುಯ್ಯಿ. ರಿಜಿಸ್ಟರಿನಲ್ಲಿ ಇಬ್ಬರಿಗೂ ಒಂದೇ ಸಾಲು, ಒಂದೇ ಬಗೆಯ ಸಹಿ. ಯಾರು ತಂದರು, ಯಾರು ತರಲಿಲ್ಲ ಎಂದು ಓದಿ ಹೇಳುವುದು ಬೇಡ. ಹರಿದದ್ದನ್ನು ಬೈಂಡ್ ಮಾಡಿಸುವ ಖರ್ಚು ಹಳೆಯ ವಿದ್ಯಾರ್ಥಿಗಳ ಪಾಲಿಗಿರಲಿ. ನಮ್ಮ ಬೀರುವಿನಲ್ಲಿ ಇಲ್ಲದ ಪುಸ್ತಕದ ಪಟ್ಟಿ ಹಿಡಿದು, ಹೆಚ್ಚಾದವನ್ನು ಚೀಲಕ್ಕೆ ತುಂಬಿ, ವರ್ಷಕ್ಕೊಮ್ಮೆ ಮೈಸೂರಿಗೋ ಬೆಂಗಳೂರಿಗೋ ಹೋಗಿ ಬದಲಾಯಿಸಿ ತರುವ ಕೆಲಸ ನನ್ನದು. ಮೊಣಕಾಲು ನಡೆಸುವವರೆಗೆ ಮಾಡುತ್ತೇನೆ.

ನಿಮ್ಮಲ್ಲಿ ನಾನು ಕೇಳುವುದು ಇಷ್ಟೇ: ಇವತ್ತು ಮನೆಗೆ ಹೋದ ಮೇಲೆ ಅಟ್ಟ ಹತ್ತಿ ನೋಡಿ. ಗುಜರಿ ಗಾಡಿ ಬರುವ ಮೊದಲು ನೋಡಿ.