ಬೀಜದ ಹುಂಜ



ಇವತ್ತು ನಾವು ಕೋಳಿ ವಿಚಾರ ಮಾತಾಡೋಣ. ಕೋಳಿ ಸಾಕೋದನ್ನ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಜ್ಜಿ ಕಾಲದಿಂದ ಸಾಕಿಕೊಂಡು ಬಂದಿದ್ದೀವಿ. ಶಿವಮೊಗ್ಗದಲ್ಲಿ ಒಂದು ಹೊಸಮನೆ ಇದೆ. ಭದ್ರಾವತಿಯಲ್ಲೂ ಒಂದು ಹೊಸಮನೆ ಇದೆ. ಒಂದು ತುಂಗೆಯ ಊರು, ಇನ್ನೊಂದು ಭದ್ರೆಯ ಊರು. ಎರಡೂ ಕಡೆ ಈಗ ಮನೆಗೆ ಮನೆ ಅಂಟಿಕೊಂಡಿದೆ. ಆದರೂ ಹಿತ್ತಲಲ್ಲಿ, ಸಂದಿಯಲ್ಲಿ, ಅಗಸೆಗಿಡದ ಬುಡದಲ್ಲಿ ನಾಲ್ಕು ನಾಟಿ ಕೋಳಿ ಕೆದಕುತ್ತಾ ಇರುತ್ತವೆ.

ಕೋಳಿ ದುಡ್ಡು ಹೆಂಗಸರ ದುಡ್ಡು. ಮಕ್ಕಳ ನೋಟ್ ಬುಕ್ಕು, ಜ್ವರದ ಮಾತ್ರೆ, ತವರಿಗೆ ಹೋಗುವ ಬಸ್ ಚಾರ್ಜು, ಎಷ್ಟೋ ಸಲ ಈ ದುಡ್ಡಿನಲ್ಲೇ ಆಗುತ್ತೆ. ಯಾರ ಹತ್ತಿರವೂ ಕೈ ಒಡ್ಡಬೇಕಾಗಿಲ್ಲ. ಅದಕ್ಕೇ ಈ ಮಾತು ಮುಖ್ಯ.

ಈಗ ಒಂದು ಪ್ರಶ್ನೆ. ನಿಮ್ಮ ಮನೆ ಹುಂಜ ನಿಮ್ಮ ಅಜ್ಜಿ ಮನೆ ಹುಂಜದಷ್ಟು ದಪ್ಪ ಇದೆಯಾ? ಕೇಳಿದರೆ ಬಹಳ ಜನ “ಇಲ್ಲಪ್ಪ, ಈಗಿನದು ಪೀಚಲು, ತಳಿ ಕೆಟ್ಟುಹೋಯ್ತು” ಅಂತಾರೆ. ತಳಿ ತಾನಾಗಿ ಕೆಡುತ್ತಾ? ಇಲ್ಲ. ಹೇಗೆ ಕೆಡುತ್ತೆ ಅಂತ ನೋಡೋಣ ಬನ್ನಿ.

ಯುಗಾದಿ ಮುಗೀತು. ಮಾರನೇ ದಿನ ವರ್ಷತೊಡಕು. ಹಿಂದಿನ ವಾರದಿಂದಲೇ ಬಾಗಿಲಿಗೆ ಜನ ಬರ್ತಾರೆ. “ಅಕ್ಕಾ, ನಾಟಿ ಹುಂಜ ಇದೆಯಾ?” ಅಂತಾರೆ. ಬಂದವರು ಯಾವುದನ್ನ ಹಿಡೀತಾರೆ? ಎಲ್ಲಕ್ಕಿಂತ ದಪ್ಪ ಇರೋದನ್ನ. ಎದೆ ತುಂಬಿರೋದನ್ನ, ಗತ್ತಿನಿಂದ ನಡೆಯೋದನ್ನ. ನಾವೂ ಖುಷಿಯಿಂದ ಕೊಡ್ತೀವಿ, ಒಳ್ಳೆ ರೇಟು ಸಿಗುತ್ತೆ. ಆಮೇಲೆ ಮಾರಿ ಜಾತ್ರೆ ಬರುತ್ತೆ. ಎರಡನೇ ದಪ್ಪದ ಹುಂಜ ಹೋಯ್ತು. ಊರಿಂದ ಅಳಿಯ ಬಂದ. ಮೂರನೆಯದು ಸಾರಾಯ್ತು, ಕಡುಬಿನ ಜೊತೆಗೆ. ಕೊನೆಗೆ ಗೂಡಿನಲ್ಲಿ ಉಳಿಯೋದು ಯಾವುದು? ಯಾರೂ ಬೇಡ ಅಂದದ್ದು. ಮುಂದಿನ ವರ್ಷದ ಮರಿಗಳಿಗೆಲ್ಲ ಅದೇ ಅಪ್ಪ.

ಗದ್ದೆ ಮಾಡೋರಿಗೆ ಈ ಮಾತು ಬೇಗ ಅರ್ಥವಾಗುತ್ತೆ. ಕೊಯ್ಲಿನಲ್ಲಿ ಗಟ್ಟಿ ಕಾಳಿನ ತೆನೆ ಆರಿಸಿ ಬೀಜದ ಭತ್ತ ಅಂತ ಬೇರೆ ಇಡ್ತಾರೆ. ಎಷ್ಟೇ ಕಷ್ಟ ಬಂದರೂ ಅದನ್ನ ಕುಟ್ಟಿ ಉಣ್ಣೋದಿಲ್ಲ. ಹಸುವಿಗೆ ಬೀಜದ ಹೋರಿ ಹುಡುಕಿಕೊಂಡು ಮೂರು ಊರು ಸುತ್ತುತ್ತಾರೆ. ಕೋಳಿಗೆ ಮಾತ್ರ ಬೀಜವನ್ನ ಮಾರಿ ಜೊಳ್ಳನ್ನ ಬಿತ್ತುತ್ತಾ ಇದ್ದೀವಿ.

ಒಂದು ಲೆಕ್ಕ

ನೀವು ಈಗ ಲೆಕ್ಕ ಕಲಿತಿದ್ದೀರಿ. ಸ್ಲೇಟು ತಗೊಳ್ಳಿ.

ಒಂದು ಹುಂಜ, ಎಂಟು ಹೇಂಟೆ ಅಂತ ಇಟ್ಟುಕೊಳ್ಳೋಣ. ಒಂದೊಂದು ಹೇಂಟೆ ವರ್ಷಕ್ಕೆ ಎರಡು ಸಲ ಕಾವಿಗೆ ಕೂತಿತು. ಸಲಕ್ಕೆ 12 ಮೊಟ್ಟೆ ಇಟ್ಟರೆ 21 ದಿನಕ್ಕೆ 10 ಮರಿ ಒಡೆಯಿತು ಅಂದುಕೊಳ್ಳಿ. ಒಂದು ಹೇಂಟೆಗೆ 20 ಮರಿ. ಎಂಟು ಹೇಂಟೆಗೆ 160 ಮರಿ. ಒಬ್ಬೊಬ್ಬ ತಾಯಿಗೆ 20 ಮಕ್ಕಳು. ಅಪ್ಪನಿಗೆ 160 ಮಕ್ಕಳು!

ಹದ್ದು, ಮುಂಗುಸಿ, ಬೀದಿನಾಯಿ, ಮಳೆಗಾಲದ ಥಂಡಿ ಎಲ್ಲ ಕಳೆದು ಅರ್ಧ ಉಳಿದರೂ, ಉಳಿದ ಪ್ರತಿ ಮರಿಯ ಮೈಯಲ್ಲೂ ಅರ್ಧ ಗುಣ ಆ ಒಂದೇ ಹುಂಜದ್ದು. ಹೇಂಟೆ ಆರಿಸೋದರಲ್ಲಿ ತಪ್ಪಿದರೆ 20 ಮರಿ ಪೀಚಲಾಗುತ್ತವೆ. ಹುಂಜ ಆರಿಸೋದರಲ್ಲಿ ತಪ್ಪಿದರೆ ಇಡೀ ಗೂಡು ಪೀಚಲಾಗುತ್ತೆ.

ಇನ್ನೊಂದು ಮಾತು ಈಗಲೇ ಹೇಳಿಬಿಡ್ತೀವಿ. ಅಪ್ಪ ಅರ್ಧ ಕಿಲೋ ಹೆಚ್ಚು ತೂಗಿದರೆ ಮಕ್ಕಳೆಲ್ಲ ಅರ್ಧ ಕಿಲೋ ಹೆಚ್ಚು ತೂಗೋದಿಲ್ಲ. ತಾಯಿ ಕಡೆ ಗುಣವೂ ಇದೆ, ತಿಂದ ಮೇವಿನ ಪಾಲೂ ಇದೆ. ಸ್ವಲ್ಪ ಮಾತ್ರ ಏರುತ್ತೆ. ಮೂರು ನಾಲ್ಕು ವರ್ಷ ಬಿಡದೆ ಆರಿಸಿದರೆ ಕಣ್ಣಿಗೆ ಕಾಣುತ್ತೆ. ಒಂದೇ ವರ್ಷಕ್ಕೆ ಜಾದೂ ಆಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಹುಂಜ ಆರಿಸೋದು ಹೇಗೆ?

ಮೊದಲು ಬಣ್ಣದ ಮಾತು. “ಕೆಂಪು ಹುಂಜವೇ ಬೇಕು, ಹಳದಿ ಕಾಲೇ ಬೇಕು” ಅಂತ ಕೆಲವರು ಪಟ್ಟು ಹಿಡೀತಾರೆ. ಹರಕೆಗೆ, ಮಾರಾಟಕ್ಕೆ ಬಣ್ಣ ನೋಡೋದು ಉಂಟು. ಆದರೆ ಬಣ್ಣಕ್ಕೂ ಮಾಂಸಕ್ಕೂ ಸಂಬಂಧ ಇಲ್ಲ. ಹಳದಿ ಕಾಲಿನ ಕಥೆ ಮಾತ್ರ ಚೆನ್ನಾಗಿದೆ, ಹೇಳ್ತೀವಿ ಕೇಳಿ. ಸಾಕು ಕೋಳಿಯ ಮೂಲ ಕೆಂಪು ಕಾಡುಕೋಳಿ. ಅದು ನಮ್ಮ ಮಲೆನಾಡಿನದಲ್ಲ. ನಮ್ಮ ಶೆಟ್ಟಿಹಳ್ಳಿ ಕಾಡು, ಭದ್ರಾ ಕಾಡಿನಲ್ಲಿ ಕೂಗೋದು ಬೂದು ಕಾಡುಕೋಳಿ. ಸಾಕು ಕೋಳಿಯ ಹಳದಿ ಚರ್ಮ, ಹಳದಿ ಕಾಲು ಈ ಬೂದು ಕಾಡುಕೋಳಿಯಿಂದ ಬಂದದ್ದು ಅಂತ 2008ರಲ್ಲಿ ವಿಜ್ಞಾನಿಗಳು ಕಂಡುಹಿಡಿದರು. ಲೋಕದ ಎಷ್ಟೋ ದೇಶದ ಕೋಳಿಗಳ ಕಾಲಿನಲ್ಲಿ ನಮ್ಮ ಕಡೆ ಕಾಡಿನ ಗುರುತಿದೆ! ಹಾಗಂತ ಕಾಡುಕೋಳಿ ಹಿಡಿಯೋಕೆ ಹೋಗಬೇಡಿ. 1972ರ ಕಾನೂನಿನ ಪ್ರಕಾರ ಅದು ಅಪರಾಧ.

ಸರಿ, ಬಣ್ಣ ಬಿಡೋಣ. ತೂಕಕ್ಕೆ ಬರೋಣ.

ಒಂದೇ ಸಲ ಒಡೆದ ಮರಿಗಳನ್ನ ಮಾತ್ರ ಒಂದಕ್ಕೊಂದು ಹೋಲಿಸಬೇಕು. ಐದು ತಿಂಗಳ ಹುಂಜದ ಪಕ್ಕ ಏಳು ತಿಂಗಳದ್ದು ನಿಂತರೆ ಏಳು ತಿಂಗಳದ್ದು ದೊಡ್ಡದಾಗಿ ಕಾಣುತ್ತೆ. ಅದು ವಯಸ್ಸಿನ ದಪ್ಪ, ತಳಿಯ ದಪ್ಪ ಅಲ್ಲ. ಮರಿ ಒಡೆದ ದಿನ ಬರೆದಿಟ್ಟುಕೊಳ್ಳಿ. ಮೂರು ತಿಂಗಳಿಗೆ ಒಂದು ಸಲ ತೂಗಿ, ಐದು ತಿಂಗಳಿಗೆ ಇನ್ನೊಂದು ಸಲ ತೂಗಿ. ಬೆಳಿಗ್ಗೆ ಕಾಳು ಹಾಕೋ ಮುಂಚೆ ತೂಗಬೇಕು. ಕುತ್ತಿಗೆ ಬುಡದ ಚೀಲದಲ್ಲಿ ಮೆಕ್ಕೆಜೋಳ ತುಂಬಿಕೊಂಡಿದ್ದರೆ ತಕ್ಕಡಿ ಸುಳ್ಳು ಹೇಳುತ್ತೆ. ಕೈಚೀಲದಲ್ಲಿ ಕೂರಿಸಿ ತೂಗುಹಾಕುವ ತಕ್ಕಡಿಗೆ ಸಿಕ್ಕಿಸಿದರೆ ಸಾಕು, ಒದ್ದಾಡೋದಿಲ್ಲ. ಎರಡು ಸಲವೂ ಮುಂದೆ ಇರೋ ಎರಡು ಮೂರು ಹುಂಜಕ್ಕೆ ಕಾಲಿಗೆ ಬಣ್ಣದ ದಾರ ಕಟ್ಟಿ. ಬೆಳೆದ ಹಾಗೆ ದಾರ ಸಡಿಲ ಮಾಡುತ್ತಾ ಇರಿ, ಇಲ್ಲದಿದ್ದರೆ ಕಾಲು ಊದಿಕೊಳ್ಳುತ್ತೆ.

ಆಮೇಲೆ ಕೈಯಲ್ಲಿ ಹಿಡಿದು ನೋಡಿ. ಎದೆ ಮೂಳೆ ಬೆರಳಿಂದ ಸವರಿ. ಅದು ನೇರ ಇರಬೇಕು, ಡೊಂಕು ಇರಬಾರದು. ಮೂಳೆಯ ಎರಡು ಪಕ್ಕ ಮಾಂಸ ತುಂಬಿರಬೇಕು. ಮೂಳೆ ಚಾಕುವಿನ ಅಲಗಿನ ಹಾಗೆ ಚುಚ್ಚಿದರೆ ಆ ಹುಂಜ ಬೇಡ. ಬೆನ್ನು ಅಗಲ ಇರಲಿ.

ಕಾಲು ಬಹಳ ಮುಖ್ಯ. ಎಷ್ಟೋ ಜನ ಕಾಲು ನೋಡೋದೇ ಇಲ್ಲ. ಎರಡು ಕಾಲಿನ ನಡುವೆ ಜಾಗ ಇರಬೇಕು. ನಿಂತಾಗ ಮಂಡಿಗೆ ಮಂಡಿ ತಾಗಬಾರದು. ಬೆರಳು ಸೊಟ್ಟ ಇರಬಾರದು. ಮೈ ಭಾರ ಇದ್ದು ಕಾಲು ಸೋತರೆ ಹುಂಜ ಹೇಂಟೆ ಮೇಲೆ ಸರಿಯಾಗಿ ನಿಲ್ಲೋದಿಲ್ಲ. ಮೊಟ್ಟೆ ಇರುತ್ತೆ, ಒಳಗೆ ಮರಿ ಇರೋದಿಲ್ಲ.

ಕಣ್ಣು ಹೊಳೆಯುತ್ತಿರಲಿ, ಜುಟ್ಟು ಕೆಂಪಗಿರಲಿ, ಹಿಂಬದಿ ಪುಕ್ಕ ಚೊಕ್ಕಟ ಇರಲಿ. ಒಂದು ಸಲ ರೋಗ ಬಂದು ಉಳಿದದ್ದನ್ನ, ಪಾಪ ಅಂತ ಸಾಕಿಕೊಳ್ಳಿ, ಬೀಜಕ್ಕೆ ಮಾತ್ರ ಇಡಬೇಡಿ.

ಇನ್ನು ನಡತೆ. ಒಳ್ಳೆ ಹುಂಜ ಕಾಳು ಕಂಡರೆ ತಾನು ನುಂಗೋದಿಲ್ಲ, “ಕೊಕ್ ಕೊಕ್” ಅಂತ ಹೇಂಟೆಗಳನ್ನ ಕರೆಯುತ್ತೆ. ಹದ್ದಿನ ನೆರಳು ಕಂಡರೆ ಮೊದಲು ಕೂಗೋದು ಅದೇ. ಮಕ್ಕಳ ಮೇಲೆ ಹಾರಿ ಕುಕ್ಕೋ ಹುಂಜ ಎಷ್ಟೇ ದಪ್ಪ ಇದ್ದರೂ ಸಾರಿಗೇ ಸರಿ. ಆ ಸಿಟ್ಟು ಮರಿಗಳಿಗೂ ಬರುತ್ತೆ.

ಕೊನೆಗೆ ಅದರ ತಾಯಿಯನ್ನ ನೋಡಿ. ಗಟ್ಟಿಯಾಗಿ ಕಾವು ಕೂತು, ಮರಿಗಳನ್ನ ರೆಕ್ಕೆ ಕೆಳಗೆ ಇಟ್ಟುಕೊಂಡು, ಹೆಚ್ಚು ಮರಿ ಉಳಿಸಿದ ಹೇಂಟೆಯ ಮಗನಾಗಿರಲಿ. ಹೆಣ್ಣು ಕೊಡುವಾಗ ಗಂಡಿನ ಮನೆ ನೋಡ್ತೀವಲ್ಲ, ಹಾಗೆ.

ಬೀದಿಗೆಲ್ಲ ಒಂದೇ ಮಾತು

ಇಲ್ಲೊಂದು ತೊಡಕಿದೆ. ನೀವು ಕಷ್ಟಪಟ್ಟು ಹುಂಜ ಆರಿಸಿದಿರಿ. ಆದರೆ ನಿಮ್ಮ ಹೇಂಟೆ ಬೇಲಿ ದಾಟಿ ಹೋಗುತ್ತೆ. ಪಕ್ಕದ ಮನೆ ಪೀಚಲು ಹುಂಜ ಕಾದುಕೊಂಡಿರುತ್ತೆ. ಹೊಸಮನೆಯಂಥ ಒತ್ತೊತ್ತಾದ ಬೀದಿಯಲ್ಲಿ ಕೋಳಿಗೆ ನಮ್ಮದು ನಿಮ್ಮದು ಅಂತ ಗಡಿ ಇಲ್ಲ.

ಎರಡು ದಾರಿ ಇದೆ. ಮರಿ ಮಾಡಿಸುವ ಕಾಲದಲ್ಲಿ ಆರಿಸಿದ ಹುಂಜ, ಆರಿಸಿದ ಹೇಂಟೆಗಳನ್ನ ಬಲೆ ಕಟ್ಟಿ ಬೇರೆ ಇಡೋದು ಒಂದು. ಆದರೆ ಹುಷಾರು! ಹಳೆ ಹುಂಜದ ಬೀಜ ಹೇಂಟೆಯ ಹೊಟ್ಟೆಯಲ್ಲಿ ಎರಡು ಮೂರು ವಾರ ಉಳಿಯುತ್ತೆ. ಬೇರೆ ಇಟ್ಟ ಮೂರು ವಾರದ ಮೇಲೆ ಬಂದ ಮೊಟ್ಟೆಯನ್ನ ಮಾತ್ರ ಕಾವಿಗೆ ಇಡಬೇಕು. ಮೊದಲ ಮೂರು ವಾರದ್ದು ಮಕ್ಕಳಿಗೆ ಬೇಯಿಸಿ ಕೊಡಿ.

ಎರಡನೇ ದಾರಿ ನಮಗೆ ಇಷ್ಟ. ಅಕ್ಕಪಕ್ಕದ ಮೂರು ನಾಲ್ಕು ಮನೆಯವರು ಕೂತು ಮಾತಾಡಿ. ಎಲ್ಲರ ಹುಂಜಗಳನ್ನೂ ತೂಗಿ, ಒಳ್ಳೆಯದು ಒಂದನ್ನ ಬೀಜಕ್ಕೆ ಇಡಿ. ಇನ್ನೊಂದನ್ನ ಕೈಕಾವಲಿಗೆ ಬೇರೆ ಗೂಡಿನಲ್ಲಿ ಇಡಿ. ಉಳಿದದ್ದೆಲ್ಲ ಹಬ್ಬಕ್ಕೆ ಮಾರಿ. ಎಂಟರಿಂದ ಹತ್ತು ಹೇಂಟೆಗೆ ಒಂದು ಹುಂಜ ಸಾಕು. ನಸುಕಿನಲ್ಲಿ ಕೂಗೋ ಹುಂಜ ಕಡಿಮೆಯಾದರೆ ಪಕ್ಕದ ಮನೆಯವರ ಗೊಣಗಾಟವೂ ಕಡಿಮೆಯಾಗುತ್ತೆ.

“ಅದೆಲ್ಲ ಸರಿ, ನನ್ನ ಹುಂಜ ದಪ್ಪ ಇದೆ ಅಂತ ನಾನೊಬ್ಬಳೇ ಹಬ್ಬದ ದುಡ್ಡು ಬಿಡಬೇಕಾ?” ಅಂತ ಒಬ್ಬ ಅಕ್ಕ ಕೇಳಬಹುದು. ಕೇಳಲೇಬೇಕಾದ ಮಾತು. ಆ ದುಡ್ಡಿಗೆ ಆಕೆ ಏನೋ ಲೆಕ್ಕ ಹಾಕಿಕೊಂಡಿರುತ್ತಾಳೆ. ಆಕೆಗೆ ನಷ್ಟ ಮಾಡಿ ಉಳಿದವರು ಲಾಭ ಮಾಡಿಕೊಳ್ಳೋದು ನ್ಯಾಯ ಅಲ್ಲ. ಅದಕ್ಕೆ ಆ ನಾಲ್ಕು ಮನೆಯವರು ಸೇರಿ, ಹಬ್ಬದ ದಿನ ಎಷ್ಟು ಬೆಲೆ ಬರುತ್ತಿತ್ತೋ ಅಷ್ಟನ್ನ ಆಕೆಗೆ ಕೊಟ್ಟುಬಿಡಿ. ಸ್ತ್ರೀಶಕ್ತಿ ಸಂಘ ಇದ್ದರೆ ಅಲ್ಲೇ ಠರಾವು ಬರೆದು ಕೊಡಬಹುದು. ಹುಂಜ ಆಗ ನಾಲ್ವರದ್ದೂ ಆಗುತ್ತೆ, ಮೇವಿನ ಖರ್ಚೂ ನಾಲ್ವರದ್ದು.

ಒಂದೇ ಹುಂಜವನ್ನ ವರ್ಷಗಟ್ಟಲೆ ಇಡಬಾರದು. ಎರಡನೇ ವರ್ಷ ಅದರ ಮಗಳೇ ಹೇಂಟೆಯಾಗಿ ಅದರ ಮುಂದೆ ಓಡಾಡುತ್ತಾಳೆ. ಅಪ್ಪ ಮಗಳು, ಅಣ್ಣ ತಂಗಿ ಕೂಡಿದರೆ ಮೊಟ್ಟೆ ಒಡೆಯೋದು ಕಡಿಮೆಯಾಗುತ್ತೆ. ಒಡೆದ ಮರಿಯೂ ನಿಶ್ಶಕ್ತಿ. ಆಗ ಹುಂಜ ಬದಲಾಯಿಸಬೇಕು. ಎಲ್ಲಿಂದ ತರೋದು? ಶಿವಮೊಗ್ಗದ ಹೊಸಮನೆಯ ಹುಂಜ ಭದ್ರಾವತಿಯ ಹೊಸಮನೆಗೆ ಹೋಗಲಿ. ಅಲ್ಲಿಯದು ಇಲ್ಲಿಗೆ ಬರಲಿ. ಬಸ್ಸಿನಲ್ಲಿ ಹೋದರೆ ಮುಕ್ಕಾಲು ಗಂಟೆ, ಒಂದು ಗಂಟೆ ದಾರಿ. ದುಡ್ಡಿನ ಮಾತೇ ಬೇಡ, ಹುಂಜಕ್ಕೆ ಹುಂಜ. ಬಂದ ಹುಂಜವನ್ನ ಎರಡು ಮೂರು ವಾರ ಬೇರೆ ಇಟ್ಟು, ರೋಗ ಇಲ್ಲ ಅಂತ ಕಂಡ ಮೇಲೆ ಗೂಡಿಗೆ ಬಿಡಿ.

ಗಿರಿರಾಜನನ್ನ ತರೋದಾ?

ಇದನ್ನ ಎಲ್ಲರೂ ಕೇಳ್ತಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು 1989ರಲ್ಲಿ ಗಿರಿರಾಜ ಕೋಳಿ ಕೊಟ್ಟರು. ಹಿತ್ತಲಿಗೇ ಅಂತ ಮಾಡಿದ ತಳಿ. ಆಮೇಲೆ ಸ್ವರ್ಣಧಾರ ಬಂತು. ಒಳ್ಳೆ ಕೋಳಿಗಳೇ. ಬೇಗ ಬೆಳೆಯುತ್ತವೆ. ನಾಟಿ ಹೇಂಟೆ ವರ್ಷಕ್ಕೆ 50, 60 ಮೊಟ್ಟೆ ಇಟ್ಟರೆ ಇವು ಅದರ ಎರಡು ಮೂರು ಪಟ್ಟು ಇಡುತ್ತವೆ. ಆದರೆ ಸಾಮಾನ್ಯವಾಗಿ ಕಾವು ಕೂರೋದಿಲ್ಲ. ಅವುಗಳದ್ದೇ ಮೊಟ್ಟೆ ಇಟ್ಟು ಮರಿ ಮಾಡಿಸಿದರೆ ಮರಿ ಅಪ್ಪ ಅಮ್ಮನ ಹಾಗೆ ಬರೋದಿಲ್ಲ. ಪ್ರತಿ ಸಲ ಮರಿ ಕೊಂಡು ತರಬೇಕು.

ಗಿರಿರಾಜ ಹುಂಜವನ್ನ ನಾಟಿ ಹೇಂಟೆಗೆ ಬಿಟ್ಟರೆ ಮೊದಲ ಮರಿಗಳು ದಪ್ಪ ಬರುತ್ತವೆ. ಮಾರೋದಕ್ಕೆ ಆಗಬಹುದು. ಆ ಮರಿಗಳನ್ನೇ ಬೀಜಕ್ಕೆ ಇಟ್ಟರೆ ಮುಂದೆ ಒಂದು ದಪ್ಪ, ಒಂದು ಸಣ್ಣ. ಕಾವು ಕೂರೋ ಗುಣವೂ ಕಡಿಮೆಯಾಗುತ್ತಾ ಹೋಗುತ್ತೆ. ಕಾವು ಕೂರೋ ಹೇಂಟೆ ಅಂದರೆ ಕರೆಂಟು ಬೇಡದ ಮಿಷನ್ನು. ಅದನ್ನ ಕಳೆದುಕೊಂಡರೆ ಮತ್ತೆ ಅಂಗಡಿ ಮರಿಗೆ ಕೈ ಚಾಚಬೇಕು. ನಮ್ಮ ಅಭಿಪ್ರಾಯ ಕೇಳಿದರೆ, ಗಿರಿರಾಜ ಸಾಕೋದಾದರೆ ಬೇರೆ ಸಾಕಿ. ಬೀಜದ ಹುಂಜ ಮಾತ್ರ ನಾಟಿಯೇ ಇರಲಿ.

ಲಸಿಕೆಯ ಮಾತು ಬಿಡೋ ಹಾಗಿಲ್ಲ. ಎಷ್ಟು ಚೆಂದದ ಹುಂಜ ಆರಿಸಿದರೂ ಕೊಕ್ಕರೆ ರೋಗ ಬಂದರೆ ಎರಡು ಮೂರು ದಿನದಲ್ಲಿ ಗೂಡು ಖಾಲಿ. ಬಂದ ಮೇಲೆ ಔಷಧಿ ಇಲ್ಲ. ಮರಿಗೆ ಐದರಿಂದ ಏಳು ದಿನ ಆದಾಗ ಕಣ್ಣಿಗೋ ಮೂಗಿಗೋ ಒಂದು ಹನಿ ಲಸಿಕೆ. ಆರರಿಂದ ಎಂಟು ವಾರಕ್ಕೆ ರೆಕ್ಕೆ ಹತ್ತಿರ ಚುಚ್ಚುವ ಲಸಿಕೆ. ಒಂದು ಸೀಸೆ ಒಡೆದರೆ ಬಹಳ ಕೋಳಿಗೆ ಆಗುತ್ತೆ. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಐಸಿನಲ್ಲಿ ಇಡಬೇಕು. ಅದಕ್ಕೇ ಬೀದಿಯವರೆಲ್ಲ ಒಂದೇ ದಿನ ಹಾಕಿಸಿ. ಪಶು ಆಸ್ಪತ್ರೆಯಲ್ಲಿ ಕೇಳಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ, ಅಲ್ಲಿಯವರೂ ತಿಳಿಸಿ ಹೇಳ್ತಾರೆ.

ಈಗ ನಿಮ್ಮ ಪುಸ್ತಕದ ಕೊನೇ ಹಾಳೆ ತೆಗೆಯಿರಿ. ಐದು ಗೆರೆ ಎಳೆಯಿರಿ. ಮರಿ ಒಡೆದ ದಿನ, ತಾಯಿಯ ಗುರುತು, ದಾರದ ಬಣ್ಣ, ಮೂರು ತಿಂಗಳ ತೂಕ, ಐದು ತಿಂಗಳ ತೂಕ. ಇಷ್ಟು ಬರೆದರೆ ಸಾಕು. ಅಕ್ಷರ ಸೊಟ್ಟ ಆದರೂ ಚಿಂತೆ ಇಲ್ಲ, ಅಂಕಿ ಮಾತ್ರ ಸರಿ ಇರಲಿ.

ಬರುವ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ನಾವು ತಕ್ಕಡಿ ತರ್ತೀವಿ. ನೀವು ಕಾಳು ಹಾಕದೆ ನಿಮ್ಮ ನಿಮ್ಮ ಹುಂಜ ಹಿಡಿದುಕೊಂಡು ಬನ್ನಿ. ಚೀಲ ತರೋದು ಮರೀಬೇಡಿ.